ಬ್ಯಾಟರಿಗೆ ಹಚ್ಚಿದ ಅರಿಸಿನ

ಮೊನ್ನೆ ಆಯುಧಪೂಜೆಯ ಬೆಳಿಗ್ಗೆ ದೋಣಿಯ ಬ್ಯಾಟರಿ ಪೆಟ್ಟಿಗೆ ತೆರೆದೆ. ಬ್ಯಾಟರಿಯ ಹುಳಿ ವಾಸನೆಗೆ ಕೈಯಲ್ಲಿದ್ದ ಬಟ್ಟಲಿನ ಹಸಿ ಅರಿಸಿನದ ವಾಸನೆ ಸೇರಿಕೊಂಡಿತು. ಅವೆರಡೂ ಒಟ್ಟಿಗೆ ಮೂಗಿಗೆ ಬಡಿದರೆ ಸಾಕು, ಪಕ್ಕದ ಮನೆಯ ಅಕ್ಕ ನನ್ನೆದುರು ಬಂದು ನಿಲ್ಲುತ್ತಾಳೆ...

ಕಟ್ಟಡದ ಕೆಲಸದಲ್ಲಿ ಬಿದ್ದು ಅಕ್ಕನ ಗಂಡನ ಸೊಂಟ ಮುರಿದಿತ್ತು. ಬಂಗಾರಪೇಟೆಯಲ್ಲಿ ನಸುಕಿನ ರೈಲು ಹಿಡಿದು, ಬೆಂಗಳೂರಲ್ಲಿ ಕೂಲಿ ಮಾಡಿ, ಅವಳೇ ಮನೆ ನಡೆಸುತ್ತಿದ್ದಳು. ಆ ರೈಲಿನಿಂದ ಪಾರಾಗಲೆಂದೇ ಬೇತಮಂಗಲದ ಕೆರೆಯಲ್ಲಿ ಮೀನು ಹಿಡಿಯುವ ಪಾಲು ಪಡೆದು, ಹಳೆಯ ದೋಣಿಯೊಂದನ್ನು ಕೊಂಡಳು. ಕುಡಿಯುವ ನೀರಿನ ಕೆರೆಗೆ ಎಣ್ಣೆ ಇಂಜಿನ್ ಬೇಡವೆಂದು ಬ್ಯಾಟರಿಯ ಮೋಟರು, ಅದಕ್ಕೊಂದು ಸೋಲಾರ್. ಬಲೆ ಎಳೆಯಲು ಜೊತೆಗೆ ನಾನು.

ಆ ವರ್ಷ ಆಯುಧಪೂಜೆ ಕಳೆದದ್ದೇ ತಡ, ಬ್ಯಾಟರಿ ಚಾರ್ಜ್ ಆಗುವುದು ನಿಂತಿತು. ಅಂಗಡಿಯಲ್ಲಿ ತುಂಬಿಸಿ ತಂದರೆ ಒಂದು ದಿನ ಓಡುತ್ತಿತ್ತು, ಮರುದಿನ ನಡುನೀರಿನಲ್ಲಿ ಕೈಕೊಡುತ್ತಿತ್ತು. ಊರವರ ಬಾಯಿಗೆ ಬೀಗ ಉಂಟೆ? ಗಂಗಮ್ಮ ಮುನಿದಿದ್ದಾಳೆ ಎಂದರು ಕೆಲವರು. ಹೆಂಗಸರಿಗೆ ಯಾಕೆ ಬೇಕಿತ್ತು ಎಂದರು ಮಿಕ್ಕವರು. ಸೋಮವಾರದಿಂದ ದೋಣಿ ದಿನವೂ ನೀರಿಗಿಳಿಯದಿದ್ದರೆ ಪಾಲು ಬೇರೆಯವರಿಗೆ ಎಂದು ಮೀನುಗಾರರ ಸಂಘದವರು ಖಡಾಖಂಡಿತ ಹೇಳಿಬಿಟ್ಟರು.

ಅಕ್ಕ ಸೆರಗು ಸಿಕ್ಕಿಸಿ ಬಿಸಿಲಲ್ಲೇ ಕೂತಳು. ಸ್ಕೂಟರಿನ ಹಳೇ ಬಲ್ಬೊಂದನ್ನು ಸೋಲಾರಿನ ತಂತಿಗಳಿಗೆ ಹಿಡಿದಳು, ಉರಿಯಿತು. ಅಲ್ಲಿಗೆ ಸೋಲಾರು ಸರಿ. ತುಂಬಿಸಿ ತಂದರೆ ದಿನವಿಡೀ ಓಡುತ್ತದೆ, ಅಲ್ಲಿಗೆ ಬ್ಯಾಟರಿಯೂ ಸರಿ.

"ಸೂರ್ಯ ಕೊಡ್ತಾವ್ನೆ, ಬ್ಯಾಟ್ರಿ ಈಸ್ಕೊಳ್ಳಾಕೆ ಕಾದೈತೆ," ಎಂದಳು. "ಮಧ್ಯದಾಗೆ ಯಾರೋ ಅಡ್ಡ ಕುಂತವ್ರೆ ಕಣೇ."

ನಟ್ಟು ಬಿಚ್ಚಿದಳು. ಸೋಲಾರಿನ ಸಣ್ಣ ತಂತಿ ಬ್ಯಾಟರಿಯ ತಲೆಗೆ ಕೂರುವ ಜಾಗದಲ್ಲಿ ಅರಿಸಿನ ಕುಂಕುಮ ಗಾರೆಯಂತೆ ಒಣಗಿತ್ತು. ಹಬ್ಬದ ದಿನ ತಂತಿಗಳನ್ನೆಲ್ಲ ಬಿಚ್ಚಿ, ಬ್ಯಾಟರಿ ಒರೆಸಿ, ಅಕ್ಕನೇ ಭಕ್ತಿಯಿಂದ ಮೆತ್ತಿದ್ದು. ಮೋಟರಿನ ದಪ್ಪ ತಂತಿಯನ್ನು ಬಿಗಿಯುವಾಗ ಅದರಡಿಯ ಅರಿಸಿನ ಉಜ್ಜಿಹೋಗಿತ್ತು. ಸಣ್ಣ ತಂತಿಯಡಿ ಉಳಿದುಬಿಟ್ಟಿತ್ತು. ಅಂಗಡಿಗೆ ಒಯ್ಯಲು ಬಿಚ್ಚಿದಾಗಲೆಲ್ಲ ಆ ಹಳದಿಯನ್ನು ನಾವಿಬ್ಬರೂ ನೋಡಿದ್ದೆವು. ಪೂಜೆಯದ್ದಲ್ಲವೇ, ಅಳಿಸಲು ಯಾರಿಗೆ ಮನಸ್ಸು ಬರುತ್ತದೆ?

ಅಕ್ಕ ಆ ಹಳದಿಯನ್ನು ಉಗುರಿನಿಂದ ಕೆರೆದು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ದೇವ್ರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂತಾರಲ್ಲ... ಆ ಪೂಜಾರಿ ನಾನೇ ಕಣೇ."

ಸೋಡಾಪುಡಿ ಹಾಕಿದ ಬಿಸಿನೀರಲ್ಲಿ ಉಜ್ಜಿ, ಒರೆಸಿ, ಬಿಗಿದಳು. ಸೋಮವಾರ ಸಂಘದವರು ದಡದಲ್ಲಿ ನಿಂತು ನೋಡುತ್ತಿದ್ದಂತೆ ಆಚೆ ದಡ ಮುಟ್ಟಿ ಬಂದೆವು. ಮರುದಿನವೂ ಮೋಟರು ಕೈಕೊಡಲಿಲ್ಲ, ಪಾಲು ಉಳಿಯಿತು. ಅಕ್ಕ ಮತ್ತೆ ಆ ರೈಲು ಹತ್ತಲಿಲ್ಲ. ಪೂಜೆಯನ್ನೂ ಬಿಡಲಿಲ್ಲ, ಮುಂದಿನ ವರ್ಷದಿಂದ ಪೆಟ್ಟಿಗೆಯ ಮುಚ್ಚಳಕ್ಕಷ್ಟೇ ಹಚ್ಚುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಜ್ವರವೆಂದು ಮಲಗಿದವಳು ಏಳಲಿಲ್ಲ. ದೋಣಿ, ಪಾಲು ಎರಡನ್ನೂ ಅವಳ ಗಂಡ ನನ್ನ ಕೈಗೆ ಒಪ್ಪಿಸಿದ. ನಾನೂ ಅದೇ ರೈಲಿನ ಗಿರಾಕಿಯಾಗಬೇಕಾದವಳು; ಆಗಗೊಡದವಳು ಅವಳು. ಅವಳಿಲ್ಲದೆ ನನಗೆ ಕೆರೆಯೇ ಬೇಸರ, ಆದರೂ ಬಿಡುವವಳಲ್ಲ ನಾನು.

ಮೊನ್ನೆ ತಂತಿಗಳನ್ನೆಲ್ಲ ಉಜ್ಜಿ ಬಿಗಿದು ಪೆಟ್ಟಿಗೆ ಮುಚ್ಚಿದೆ. ಮುಚ್ಚಳದ ಮೇಲೆ ಹೋದ ವರ್ಷ ಅಕ್ಕ ಎಳೆದ ಕುಂಕುಮ ಇನ್ನೂ ಇತ್ತು, ಅವಳ ಬೆರಳಿನ ಗುರುತಿನ ಸಮೇತ. ಅದರ ಮೇಲೆ ಹಚ್ಚಲು ಕೈ ಬರಲಿಲ್ಲ... ಪಕ್ಕದಲ್ಲಿ ಹಚ್ಚಿ, ಮೋಟರು ಹಾಕಿ, ಆಚೆ ದಡಕ್ಕೆ ಹೊರಟೆ.