ಗೌರಿಯ ಒಡ್ಯಾಣ

ತೆಳ್ಳಗಿರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಾನು ಬಾಗಿಲಲ್ಲಿ ಕೊಂಚ ಓರೆಯಾಗಿಯೇ ನುಗ್ಗಬೇಕಾದ ದೇಹದವಳಾದ್ದರಿಂದ, ಇದು ಬರೀ ಹೊಟ್ಟೆಕಿಚ್ಚು ಎಂದು ನಮ್ಮ ಯಜಮಾನರ ಅಭಿಪ್ರಾಯ. ಇರಬಹುದು. ಆದರೆ ಎಲೆಯ ಮುಂದೆ ಕೂತವರ ಕೊರಳಿನ ಮೂಳೆ ಎದ್ದು ಕಂಡರೆ ಸಾಕು, ನನ್ನ ಕೈ ತಾನಾಗಿಯೇ ತುಪ್ಪದ ಮಿಳ್ಳೆಯ ಕಡೆ ಹೋಗುತ್ತದೆ. ನಮ್ಮ ನೆಂಟರಿಷ್ಟರಲ್ಲಿ ನನ್ನ ಮಿಳ್ಳೆಗೆ ಸೋಲದವರಿಲ್ಲ. ಸೋಲದೆ ಉಳಿದವಳು ಒಬ್ಬಳೇ. ಅವಳು ನಾಯಿ, ಹೆಸರು ಗೌರಿ.

ಐವತ್ತರ ದಶಕದ ಮಾತು ಇದು. ಆಗಿನ ರಾಜಾಜಿನಗರದ ನಮ್ಮ ಸಾಲಿನಲ್ಲಿ ಮನೆಗಳಿಗಿಂತ ಸೈಟುಕಲ್ಲುಗಳೇ ಹೆಚ್ಚು. ನಡುನಡುವೆ ಲಂಟಾನದ ಪೊದೆ, ಇಳಿಜಾರಿನ ತುದಿಯಲ್ಲಿ ಇಡೀ ಸಾಲಿಗೆ ಒಂದೇ ಬೀದಿ ಕೊಳಾಯಿ. ಯಜಮಾನರ ಕಾರ್ಖಾನೆಗೆ ಯಂತ್ರ ಕೂರಿಸಲು ಎಲ್ಲಿಯೋ ಉತ್ತರದ ಹಿಮದೇಶದಿಂದ ಒಬ್ಬ ಇಂಜಿನಿಯರು ಬಂದಿದ್ದ. ಎಲ್ಲರೂ ಅವನನ್ನು ದೊರೆ ಎನ್ನುತ್ತಿದ್ದರು. ಹೆಂಡತಿಗೆ ಕಾಯಿಲೆಯೆಂದು ಸುದ್ದಿ ಬಂದು ದೊರೆ ಗಡಿಬಿಡಿಯಲ್ಲಿ ಹಡಗು ಹತ್ತುವಾಗ, ತನ್ನ ಹಸ್ಕಿ ಜಾತಿಯ ನಾಯಿಯನ್ನು ಯಜಮಾನರ ಕೈಗಿಟ್ಟು ಕಣ್ಣೊರೆಸಿಕೊಂಡು ಹೊರಟೇ ಹೋದನಂತೆ. ನಾಯಿಯ ಜೊತೆಗೆ ಬಂದ ಆಸ್ತಿ ಎಂದರೆ ಒಂದು ಕಂಬಳಿ, ಒಂದು ತಟ್ಟೆ, ಮತ್ತು ಹಿತ್ತಾಳೆಯ ಬಳೆಗಳಿದ್ದ ಅಗಲವಾದ ಒಂದು ಚರ್ಮದ ಪಟ್ಟಿ. ಪಟ್ಟಿ ಕೊರಳಿನದಲ್ಲ. ಎದೆಗೂ ಬೆನ್ನಿಗೂ ಸುತ್ತಿ ಬರುವಂಥದ್ದು.

ಅವಳು ಬಂದದ್ದು ಗೌರಿ ಹಬ್ಬದ ದಿನ. ನಮ್ಮ ಅತ್ತೆಯ ಮಡಿ ಎಷ್ಟೆಂದರೆ, ಕಾಗೆಯ ನೆರಳು ಬಿದ್ದರೂ ಸೀರೆಯನ್ನು ಮತ್ತೆ ಹಿಂಡಿ ಹರವುತ್ತಿದ್ದರು. ಇನ್ನು ಮನೆಯಲ್ಲಿ ಕುರುಕ್ಷೇತ್ರವೇ ಎಂದುಕೊಂಡು ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಅತ್ತೆ ಹೊರಗೆ ಬಂದರು. ನಾಯಿ ತಲೆ ಎತ್ತಿ ನೋಡಿತು. ಅಯ್ಯೋ, ಆ ಕಣ್ಣು! ತಿಳಿನೀಲಿ. ಅಂಥ ಕಣ್ಣನ್ನು ನಾನು ಅದುವರೆಗೆ ಮನುಷ್ಯರಲ್ಲೂ ಕಂಡಿರಲಿಲ್ಲ, ಪ್ರಾಣಿಗಳಲ್ಲೂ ಕಂಡಿರಲಿಲ್ಲ. ಮೈತುಂಬ ಬಿಳಿ ಬೂದಿ ಬಣ್ಣದ ರೋಮ, ಬೆನ್ನ ಮೇಲೆ ಸುರುಳಿ ಸುತ್ತಿದ ಬಾಲ. ಬೊಗಳಲಿಲ್ಲ, ಬಾಲ ಆಡಿಸಿ ಗೋಗರೆಯಲೂ ಇಲ್ಲ, ಸುಮ್ಮನೆ ನೋಡಿತು. ಅತ್ತೆಗೆ ಏನಾಯಿತೋ, "ಹಬ್ಬದ ದಿನ ತೌರಿಗೆ ಬಂದಿದಾಳೆ ಕಣೋ. ಗೌರೀನೇ ಇವ್ಳು," ಎಂದುಬಿಟ್ಟರು. ಚರ್ಮದ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಒಡ್ಯಾಣಾನೂ ಹಾಕ್ಕೊಂಡು ಬಂದಿದಾಳೆ!" ಎಂದರು. ಅಂದಿನಿಂದ ಅದು ಒಡ್ಯಾಣವಾಗಿ ಟ್ರಂಕು ಸೇರಿತು. ಹಬ್ಬ ಹರಿದಿನಗಳಲ್ಲಿ ಮಾತ್ರ ಹೊರಕ್ಕೆ ಬರುತ್ತಿತ್ತು.

ಒಡ್ಯಾಣ ತೊಟ್ಟ ದಿನ ಗೌರಿಯ ಸಂಭ್ರಮ ನೋಡಬೇಕಿತ್ತು. ಕುಣಿಯುತ್ತಾ ಗೇಟಿನವರೆಗೆ ಓಡಿ, ಅಲ್ಲಿ ನಿಂತು ನಮ್ಮತ್ತ ತಿರುಗಿ ನೋಡುವಳು. "ನಾಲ್ಕು ಜನಕ್ಕೆ ತೋರಿಸ್ಬೇಕು ಅಂತ ಆಸೆ ಕಣೇ ಅವ್ಳಿಗೆ, ಹೆಣ್ಣಲ್ವಾ," ಎಂದು ಅತ್ತೆ ನಗುವರು. ಓಡಿಹೋದರೆ ಗತಿಯೇನೆಂದು ನಾವು ಅವಳನ್ನು ತಂದು ಕಂಬಕ್ಕೆ ಕಟ್ಟುತ್ತಿದ್ದೆವು.

ಅವಳು ಎಷ್ಟು ತೆಳ್ಳಗಿದ್ದಾಳೆ ಎಂದು ನಮಗೆ ತಿಳಿದದ್ದು ದೀಪಾವಳಿಯ ದಿನ. ಮನೆಯವರಿಗೆಲ್ಲ ಎಣ್ಣೆಸ್ನಾನವಾಗಿ ಮಗಳೊಬ್ಬಳನ್ನು ಬಿಡುವುದು ಹೇಗೆ ಎಂದು ಅತ್ತೆ ಅವಳ ತಲೆಗೂ ಎಣ್ಣೆಯಿಟ್ಟರು, ನಾನು ಎರಡು ಚೆಂಬು ನೀರು ಹುಯ್ದೆ. ರೋಮವೆಲ್ಲ ಮೈಗೆ ಅಂಟಿಕೊಂಡಿತು. ನಾನು ನಿಜವಾಗಿಯೂ ಹಂಡೆಯ ಹಿಂದೆ ಬಗ್ಗಿ ನೋಡಿದೆ, ಅಷ್ಟು ದೊಡ್ಡ ನಾಯಿ ಎಲ್ಲಿ ಹೋಯಿತೆಂದು. ನನ್ನೆದುರು ನಿಂತದ್ದು ಎಣಿಸಬಹುದಾದ ಪಕ್ಕೆಲುಬುಗಳು, ಚೂಪಾದ ಬೆನ್ನುಮೂಳೆ, ಮತ್ತು ಅದೇ ನೀಲಿ ಕಣ್ಣು. ಅತ್ತೆ ಬಚ್ಚಲಿನಲ್ಲೇ ಕುಸಿದು ಕೂತು, "ತೌರಿಗೆ ಬಂದೋಳನ್ನ ಉಪವಾಸ ಕೆಡವಿದೀವಲ್ಲೇ," ಎಂದು ಅತ್ತರು. ನನಗೂ ಅಳು ಬಂತು. ಅವಳು ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದುದನ್ನು ನಾವು ಗಾಂಭೀರ್ಯ ಎಂದುಕೊಂಡಿದ್ದೆವು.

ದನದ ಡಾಕ್ಟರು ಬಂದು ಕಣ್ಣು, ನಾಲಿಗೆ, ಹೊಟ್ಟೆ ಎಲ್ಲ ನೋಡಿದರು. "ರೋಗ ಏನೂ ಇಲ್ಲ ತಾಯಿ. ಹೊಟ್ಟೆಗೆ ಸೇರ್ಬೇಕು, ಅಷ್ಟೆ. ಹೀಗೇ ಇಳಿದ್ರೆ ಮಾತ್ರ ಈ ಜೀವ ಬೇಸಿಗೆ ಕಾಣಲ್ಲ," ಎಂದರು.

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಆಹಾರ ಸಂಶೋಧನೆ. ನಮ್ಮವರಲ್ಲಿ ಜಗತ್ತಿನ ಸಮಸ್ತ ಪದಾರ್ಥಗಳೂ ಉಷ್ಣ, ಶೀತ, ವಾಯು, ಪಿತ್ತ ಎಂಬ ನಾಲ್ಕು ಡಬ್ಬಿಗಳಲ್ಲಿ ತುಂಬಿಕೊಂಡಿವೆ. ಬಾಳೆಹಣ್ಣು ಶೀತ, ಪರಂಗಿಹಣ್ಣು ಉಷ್ಣ, ಅವರೆಕಾಳು ವಾಯು. ಇವೆಲ್ಲ ನನಗೆ ಕಂಠಪಾಠ. ಆದರೆ ಹಿಮದ ನಾಯಿಗೆ ಯಾವ ಡಬ್ಬಿ ತೆರೆಯಬೇಕೆಂದು ಯಾವ ಅಜ್ಜಿಯೂ ಹೇಳಿಕೊಟ್ಟಿರಲಿಲ್ಲ. ಅವಳ ಮೈಯೇ ಶೀತದ್ದು, ಉಷ್ಣ ಕೊಡಬೇಕು ಎಂದು ಅತ್ತೆ. ಶೀತದಲ್ಲಿ ಹುಟ್ಟಿದ್ದಕ್ಕೆ ಶೀತವೇ ಒಗ್ಗುವುದು ಎಂದು ಯಜಮಾನರು. ನಾನು ಎರಡನ್ನೂ ಮಾಡಿ ಎರಡಕ್ಕೂ ತುಪ್ಪ ಹಾಕಿದೆ. ಮೊಸರನ್ನ ಮೂಸಿ ನೋಡಿ ಬಿಟ್ಟಳು. ರಾಗಿ ಅಂಬಲಿಯನ್ನು ಎರಡು ಸಲ ನೆಕ್ಕಿದಳು, ನನ್ನ ಮನಸ್ಸು ನೋಯದಿರಲೆಂದು ಇರಬೇಕು. ಅತ್ತೆ ಬಾಣಂತಿಯರಿಗೆ ಮಾಡುವ ಹಾಗೆ ಕೊಬ್ಬರಿ, ಬೆಲ್ಲ, ಅಂಟು ಹಾಕಿ ಉಂಡೆ ಕಟ್ಟಿದರು. ಗೌರಿ ಒಂದೊಂದನ್ನೂ ಬಾಯಲ್ಲಿ ಮೆತ್ತಗೆ ಹಿಡಿದು ಹಿತ್ತಿಲಿಗೆ ಹೋಗುವಳು, ಬರಿಬಾಯಲ್ಲಿ ಬರುವಳು. ನಮಗೋ ಆನಂದ. ಕೊನೆಗೆ ಕರಿಬೇವಿನ ಬುಡದಲ್ಲಿ ಇರುವೆಯ ಸಾಲು ಕಂಡು ಅಗೆದರೆ, ಉಂಡೆಗಳೆಲ್ಲ ಅಲ್ಲಿ ಸುಖವಾಗಿ ಹೂತುಕೊಂಡಿದ್ದವು!

ಪಕ್ಕದ ಮನೆ ತಾಯಮ್ಮನದು. ಬಡಾವಣೆಯಾಗುವ ಮೊದಲು ಇದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದ ಒಕ್ಕಲು ಮನೆತನ ಅವರದು. "ಅಲ್ಲಾ ಕಣವ್ವ, ಮಾಂಸ ತಿನ್ನೋ ಜೀವಕ್ಕೆ ಮೊಸರನ್ನ ಇಕ್ಕುದ್ರೆ ಬದುಕ್ತದಾ?" ಎಂದು ಬೇಲಿಯಾಚೆಯಿಂದ ಆಕೆ ಗದರಿಸಿದಳು. ಅತ್ತೆ ಸರಕ್ಕನೆ ಒಳಗೆ ಹೋದರು. ಆದರೆ ಆ ಭಾನುವಾರ ನಾನು ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ನಮ್ಮ ಅತ್ತೆ ಬೇಲಿಯ ಹತ್ತಿರ ನಿಂತು, ಮುಖವನ್ನು ಬೇವಿನ ಮರದ ಕಡೆ ತಿರುಗಿಸಿಕೊಂಡು, "ತಾಯಮ್ಮಾ, ಭಾನುವಾರ ನಿಮ್ಮನೇಲಿ ಅದೇನೋ ಮಾಡ್ತೀರಲ್ಲ... ಮಿಕ್ಕಿದ್ರೆ ಇವ್ಳಿಗೊಂಚೂರು," ಎನ್ನುತ್ತಿದ್ದರು. ನನ್ನ ಕೈಲಿದ್ದ ಮೊರ ಜಾರಿ ಬಿತ್ತು. ಕಾಗೆಯ ನೆರಳಿಗೆ ಹೆದರುತ್ತಿದ್ದವರು ಇವರೇ ಏನು?

ತಾಯಮ್ಮ ಖುಷಿಯಿಂದ ಬಾಡಿನ ಸಾರು ಕಲಸಿದ ಮುದ್ದೆ ತಂದಿಟ್ಟಳು. ಗೌರಿ ಅದರಲ್ಲೂ ಅರ್ಧ ಬಿಟ್ಟಳು. ತಾಯಮ್ಮನ ಮುಖ ಬಾಡಿತು. ಅತ್ತೆ ಹೋಗಿ ಸ್ನಾನ ಮಾಡಿ ಬಂದರು. ಇನ್ನು ಕೇಳಲು ಯಾರ ಮನೆಯೂ ಉಳಿದಿರಲಿಲ್ಲ. ಪ್ರತಿ ಬೆಳಿಗ್ಗೆ ನಾನು ಕಂಬದ ಬಳಿ ಹೋಗುವಾಗ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೊದಲು ಹೊಟ್ಟೆಯನ್ನು ನೋಡುತ್ತಿದ್ದೆ.

ಧನುರ್ಮಾಸ ಬಂತು. ಸೂರ್ಯ ಹುಟ್ಟುವ ಮೊದಲೇ ಪೂಜೆಯಾಗಿ, ಬಿಸಿ ಹುಗ್ಗಿ ನೈವೇದ್ಯವಾಗಬೇಕಾದ ತಿಂಗಳು. ಮೊದಲ ದಿನ ಹಬ್ಬವೆಂದು ಅತ್ತೆ ಗೌರಿಗೆ ಒಡ್ಯಾಣ ತೊಡಿಸಿದರು. ಅದು ಈಗ ಅವಳಿಗೆ ಸಡಿಲವಾಗಿತ್ತು. ನಾನೇ ಬಿಗಿ ಮಾಡಿ ಕಟ್ಟಿದೆ. ಆ ಹೊತ್ತಿಗೆ ಸರಿಯಾಗಿ ದೂರದ ಬಟ್ಟೆ ಗಿರಣಿಯ ಸೈರನ್ನು ಕೂಗಿತು. ಗೌರಿ ಮೂತಿಯನ್ನು ಮಂಜಿಗೆತ್ತಿ ಊಳಿಟ್ಟಳು. ಆ ದನಿ ಕೇಳಿದರೆ ನನಗೆ ಇವತ್ತಿಗೂ ಮೈ ಜುಂ ಎನ್ನುತ್ತದೆ. ಸಾಲಿನ ಬೀದಿನಾಯಿಗಳೆಲ್ಲ ಗಪ್ಪಾದವು. "ಇವ್ಳನ್ನೂ ಕರ್ಕೊಂಡ್ ಹೋಗ್ರೋ ನೀರಿಗೆ, ನನ್ನ ಜಪ ಎಲ್ಲಾ ಕೆಟ್ಟೋಗುತ್ತೆ," ಎಂದು ಅತ್ತೆ ಕೂಗಿದರು.

ಯಜಮಾನರು ಕಾರ್ಖಾನೆಯ ಹಳೇ ಬೇರಿಂಗುಗಳನ್ನು ಹಲಗೆಗೆ ಜೋಡಿಸಿ ನೀರಿನ ಗಾಡಿ ಮಾಡಿಕೊಂಡಿದ್ದರು. ಮೇಲೆ ಮೂರು ಕೊಡ, ಮುಂದೆ ಹಗ್ಗ. ನಾವು ಮೂವರೂ ಇಳಿದು ಹೋಗಿ ಕೊಡ ತುಂಬಿದೆವು. ಏರಿನಲ್ಲಿ ಯಜಮಾನರಿಗೆ ಏದುಸಿರು ಬಂತು. ಗಾಡಿಗೆ ಕಲ್ಲು ಕೊಟ್ಟು ಹಗ್ಗ ಬಿಟ್ಟರು. ಗೌರಿ ಬಂದಳು. ಗಾಡಿಯ ಮುಂದೆ ಹೋಗಿ, ನಮಗೆ ಬೆನ್ನು ಮಾಡಿ, ಹಗ್ಗದ ಪಕ್ಕದಲ್ಲಿ ನಿಂತಳು. ತಿರುಗಿ ನೋಡಿದಳು. ಹಬ್ಬದ ದಿನಗಳಲ್ಲಿ ಗೇಟಿನ ಹತ್ತಿರ ನಿಂತು ನೋಡುತ್ತಿದ್ದಳಲ್ಲ, ಅದೇ ನೋಟ.

"ಕಟ್ರೀ," ಎಂದೆ ನಾನು. ಯಾಕೆ ಹಾಗೆಂದೆನೋ ಕಾಣೆ.

ಹಗ್ಗವನ್ನು ಒಡ್ಯಾಣದ ಬಳೆಗೆ ಕಟ್ಟಿದರು. ಹೇಳಿ ಮಾಡಿಸಿದಂತೆ ಕೂತಿತು. ಕಲ್ಲು ತೆಗೆದದ್ದೇ ತಡ, ಗೌರಿ ತಲೆ ತಗ್ಗಿಸಿ, ಎದೆ ಕೊಟ್ಟು ಮುಂದಕ್ಕೆ ಒರಗಿದಳು. ಆ ಒಣಕಲು ಬೆನ್ನಿನಲ್ಲಿ ಎಲ್ಲಿತ್ತೋ ಆ ಬಲ! ಮೂರು ಕೊಡ ನೀರು ಏರು ಹತ್ತಿತು. ಉಸಿರು ಹೊಗೆಹೊಗೆಯಾಗಿ ಬರುತ್ತಿತ್ತು, ಕಿವಿ ಹಿಂದಕ್ಕೆ ಮಲಗಿತ್ತು, ಕಾಲುಗಳು ಒಂದೇ ಲಯದಲ್ಲಿ ಬೀಳುತ್ತಿದ್ದವು. ನನ್ನ ಸೀರೆಯ ನೆರಿಗೆಯೆಲ್ಲ ಒದ್ದೆಯಾದರೂ ನನಗೆ ಪರಿವೆಯಿರಲಿಲ್ಲ. ಅವಳ ಅಜ್ಜ ಮುತ್ತಜ್ಜಂದಿರು ಜಾರುಬಂಡಿ ಎಳೆದು ದಾಟಿದ ಹಿಮದ ಬಯಲನ್ನೆಲ್ಲ ಆ ಮಂಜಿನೊಳಗೆ ನಾನು ಕಂಡ ಹಾಗಾಯಿತು. ನೋಡುತ್ತ ನಾನು ಕೈಮುಗಿದಿದ್ದೆ.

ಹಿಂದೆ ಓಡಿ ಬರುತ್ತಿದ್ದ ಯಜಮಾನರು, "ದೊರೆ ದಿನಾ ಇದನ್ನ ಸೈಕಲ್ಲಿಗೆ ಕಟ್ಕೊಂಡು ಕಾರ್ಖಾನೆಗೆ ಬರ್ತಿದ್ದ ಕಣೇ. ಪೆಡಲ್ ತುಳಿಯೋಕೆ ಸೋಮಾರಿ ನನ್ಮಗ ಅಂದ್ಕೊಂಡಿದ್ದೆ!" ಎಂದರು. ಹೇಳಲು ಎಂಥ ಹೊತ್ತು ನೋಡಿ! ನನಗೆ ಅವರನ್ನು ಬೈಯಲೂ ಉಸಿರಿರಲಿಲ್ಲ.

ಮನೆಯ ಮುಂದೆ ಹಗ್ಗ ಬಿಚ್ಚಿದೆವು. ತುಳಸಿಕಟ್ಟೆಯ ಎದುರು ಹುಗ್ಗಿಯ ಪಾತ್ರೆ ಆರಲಿಟ್ಟು, ಅತ್ತೆ ಘಂಟೆ ತರಲು ಒಳಗೆ ಹೋಗಿದ್ದರು. ಗೌರಿ ನೇರವಾಗಿ ಹೋಗಿ ಪಾತ್ರೆಯೊಳಗೆ ಮೂತಿಯಿಟ್ಟಳು. ನಾನು "ಅಯ್ಯಯ್ಯೋ" ಎನ್ನುವಷ್ಟರಲ್ಲಿ ಅತ್ತೆ ಘಂಟೆ ಹಿಡಿದು ಬಾಗಿಲಿಗೆ ಬಂದೇಬಿಟ್ಟರು. ದೇವರಿಗೆ ಇನ್ನೂ ತೋರಿಸದ ಹುಗ್ಗಿ! ಧನುರ್ಮಾಸದ ಮೊದಲ ದಿನ! ಯಜಮಾನರು ನಾಯಿಯ ಪಟ್ಟಿಗೆ ಕೈ ಹಾಕಿದರು.

"ಮುಟ್ಬೇಡ," ಎಂದರು ಅತ್ತೆ. "ಉಣ್ತಾ ಇದಾಳೆ."

ಉಂಡಳು. ಗಬಗಬನೆ, ಕಣ್ಣು ಮುಚ್ಚಿಕೊಂಡು, ಬಾಲ ಆಡಿಸುತ್ತಾ ಉಂಡಳು. ಅಕ್ಕಿ, ಹೆಸರುಬೇಳೆ, ತುಪ್ಪ, ಅಷ್ಟೆ. ಯಾವ ಹೊಸ ಪದಾರ್ಥವೂ ಅದರಲ್ಲಿರಲಿಲ್ಲ. ನಾವು ಊಟವನ್ನು ಊರೆಲ್ಲ ಹುಡುಕಿದ್ದೆವು, ಹಸಿವನ್ನು ಮಾತ್ರ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆವು. ಅವಳು ತಳ ನೆಕ್ಕತೊಡಗಿದಾಗ ಅತ್ತೆ ಮೆಲ್ಲನೆ ಘಂಟೆ ಅಲ್ಲಾಡಿಸಿದರು. ಅವರ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು.

"ಮದ್ವೆಯಾಗಿ ಬಂದಾಗಿಂದ ಇಡ್ತಾನೇ ಇದೀನಿ ಕಣೇ," ಎಂದರು ನನಗೆ. "ಇಟ್ಟಿದ್ದು ಖಾಲಿಯಾಗಿದ್ದು ಇವತ್ತೇ ನೋಡಿದ್ದು."

ಬೇಸಿಗೆಯನ್ನು ಗೌರಿ ಕಂಡಳು, ಮುಂದೆ ಎಷ್ಟೋ ಬೇಸಿಗೆಗಳನ್ನೂ ಕಂಡಳು. ಸಂಕ್ರಾಂತಿಯ ಹೊತ್ತಿಗೆ ಅವಳ ಒಡ್ಯಾಣ ಬಿಗಿಯಾಗಿ, ಚಮ್ಮಾರನಿಂದ ಅದರ ತುದಿಗೆ ಇನ್ನೊಂದು ತೂತು ಹಾಕಿಸಿದೆವು. ನನ್ನ ರವಿಕೆಗಳನ್ನೂ ಅದೇ ವಾರ ಬಿಡಿಸಬೇಕಾಯಿತು, ಅದು ಬೇರೆ ಮಾತು. ಧನುರ್ಮಾಸದ ಹುಗ್ಗಿಯ ಪಾತ್ರೆ ಮಾರನೆಯ ದಿನವೇ ದೊಡ್ಡದಾಯಿತು. ತುಳಸಿಯ ಮುಂದೆ ಮೊದಲು ಯಾರಿಗೆ ಬಡಿಸುತ್ತಿದ್ದರೆಂದು ನಾನು ಇಣುಕಿ ನೋಡಲು ಹೋಗಲಿಲ್ಲ. ಅತ್ತೆಯ ಘಂಟೆ ಮಾತ್ರ ದಿನಾ, ಕೊಳಾಯಿಯಿಂದ ನೀರಿನ ಗಾಡಿ ಏರು ಹತ್ತಿ ಬಂದ ಮೇಲೆಯೇ ಕೇಳಿಸುತ್ತಿತ್ತು.