ಹೊನ್ನವ್ವೆಗೆ ಒಂದು ಕೊಂಬು

ಚಿಕ್ಕತಾಯಮ್ಮನ ಓದು ಒಂದೊಂದೇ ಅಕ್ಷರದ ಓದು. ಚಾಮರಾಜನಗರದ ಕಡೆಯ ಊರಿನಲ್ಲಿ, ಮಠದ ಜಗಲಿಯ ಮೇಲೆ, ಮರಳಿನಲ್ಲಿ ಬೆರಳಾಡಿಸಿ ಎರಡು ವರ್ಷ ಕಲಿತದ್ದು. ಕಾಗುಣಿತ ಮುಗಿಯಿತು, ಒತ್ತಕ್ಷರ ಮುಗಿಯಿತು, ಅಷ್ಟರಲ್ಲಿ ತಮ್ಮ ಹುಟ್ಟಿದ. ಅವನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಳು. ಈಗ ಅವಳಿಗೆ ಅರವತ್ತೆಂಟು. ಇವತ್ತಿಗೂ ಮದುವೆಯ ಕಾಗದ ಬಂದರೆ ‘ಮಕಾರಕ್ಕೆ ಕೊಂಬು ಮು, ಹಕಾರಕ್ಕೆ ಕೊಂಬಿನ ಇಳಿ ಹೂ’ ಎಂದು ತುಟಿಯಾಡಿಸಿಕೊಂಡೇ ಮುಹೂರ್ತದವರೆಗೆ ಬರುತ್ತಾಳೆ. ಎಷ್ಟು ಹೊತ್ತಾದರೂ ಸರಿಯೇ. ಬಿಟ್ಟು ಓದುವುದು, ಊಹೆಯ ಮೇಲೆ ಓದುವುದು ಅವಳಿಗೆ ಬಾರದು.

ಚೆನ್ನೈಯ ಕೋಡಂಬಾಕ್ಕಂ ಸ್ಟೇಷನ್ನಿನ ಹಿಂದಿನ ಸಂದಿನಲ್ಲಿ ಅವಳ ಬೈಂಡಿಂಗ್ ಅಂಗಡಿ. ಕನ್ನಡ ಸಿನಿಮಾಗಳನ್ನು ಇಲ್ಲಿ ತೆಗೆಯುತ್ತಿದ್ದ ಕಾಲದಲ್ಲಿ ಗಂಡ ದೊಡ್ಡಬಸಪ್ಪ ಸ್ಟುಡಿಯೋಗಳಿಗೆ ಸಂಭಾಷಣೆಯ ಪ್ರತಿಗಳನ್ನು ಹೊಲಿದು ಕೊಡುತ್ತಿದ್ದ. ಅವನು ತೀರಿಹೋದಾಗ ಮಗನಿಗೆ ಒಂಬತ್ತು ವರ್ಷ. ಅವನ ದಬ್ಬಳ ಅವಳ ಕೈಗೆ ಬಂತು. ಗಂಡಸರು ಬಂದು ಹೋಗುವ ಜಾಗದಲ್ಲಿ ಕತ್ತಲಾಗುವ ತನಕ ಕೂತಿರುತ್ತಾಳೆಂದು ಎದುರುಮನೆಯ ಹೆಂಗಸು ಒಂದು ದಿನ ನಲ್ಲಿಯ ಹತ್ತಿರ, ಕೊಡ ಹಿಡಿದು ನಿಂತವರೆಲ್ಲ ಕೇಳುವ ಹಾಗೆ, ಅವಳಿಗೆ ಒಂದು ಹೆಸರು ಇಟ್ಟಳು. ತಮಿಳಿನಲ್ಲಿ ಅಂದರೂ ಅರ್ಥವಾಗದ ಹೆಸರಲ್ಲ. ಚಿಕ್ಕತಾಯಮ್ಮ ಕೊಡ ತುಂಬಿಸಿಕೊಂಡು ಮನೆಗೆ ಬಂದಳು, ಉತ್ತರ ಕೊಡಲಿಲ್ಲ. ಆವತ್ತು ಸುಮ್ಮನಿದ್ದುಬಿಟ್ಟೆನಲ್ಲ ಎಂದು ತನ್ನ ಮೇಲೆ ತನಗೇ ಹುಟ್ಟಿದ ಸಿಟ್ಟು ಇಪ್ಪತ್ತೇಳು ವರ್ಷವಾದರೂ ಆರಿರಲಿಲ್ಲ.

ಕಳೆದ ಆಷಾಢದಲ್ಲಿ ರಾಯಪೇಟೆಯ ಒಂದು ಹಳೆಯ ಪುಸ್ತಕ ಭಂಡಾರದಿಂದ ಅವಳಿಗೆ ಎರಡು ಕೆಲಸ ಒಟ್ಟಿಗೆ ಬಂದವು. ಒಂದು, ಹಳೆಯ ಕೈಬರಹದ ಪುಸ್ತಕದ ರಿಪೇರಿ. ನೂರೆಂಬತ್ತು ವರ್ಷದ ಹಿಂದೆ ಒಬ್ಬ ಇಂಗ್ಲಿಷ್ ಪಾದ್ರಿ ಶರಣರ ಕಥೆಗಳ ಓಲೆಗರಿಯನ್ನು ಮುನ್ಷಿಯೊಬ್ಬನಿಂದ ಕಾಗದಕ್ಕೆ ಬರೆಸಿಕೊಂಡು, ಅದನ್ನು ಮುಂದಿಟ್ಟುಕೊಂಡು ಇಂಗ್ಲಿಷಿಗೆ ಮಾಡಿದ್ದನಂತೆ. ಶರಣರ ಮತದ ಗ್ರಂಥ ಆ ಕಾಲದಲ್ಲೇ ಇಂಗ್ಲಿಷಿಗೆ ಹೋದದ್ದು ದೊಡ್ಡ ಸಂಗತಿಯಂತೆ. ಆಮೇಲಿನ ಪಂಡಿತರೆಲ್ಲ ಅವನನ್ನು ನೋಡಿಯೇ ಬರೆದರಂತೆ. ಎರಡನೆಯದು, ಆ ಪಾದ್ರಿಯ ಪುಸ್ತಕದ ಹೊಸ ಮುದ್ರಣ, ಮುನ್ನೂರು ಪ್ರತಿ. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಅವನ ಇಂಗ್ಲಿಷ್. ಹದಿನಾರು ಪುಟಕ್ಕೆ ಒಂದರಂತೆ ಮಡಿಸಿದ ಫಾರಂಗಳು ಕಟ್ಟು ಕಟ್ಟಾಗಿ ಬಂದು ಅಂಗಡಿಯ ಗೋಡೆಗೆ ಒರಗಿದವು. ದಪ್ಪ ಕಾಗದ, ಬರೀ ಗೋಂದಿನಲ್ಲಿ ನಿಲ್ಲದು, ಕೈಯಲ್ಲೇ ಹೊಲಿಯಬೇಕು. ಇದೆಲ್ಲ ಹೇಳಿದವರು ಸುಜಯೀಂದ್ರ. ಆ ಮುದ್ರಣದ ಸಂಪಾದಕರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು.

ಕೈಬರಹದ ಪುಸ್ತಕದಲ್ಲಿ ಹಾಳೆಗಳು ಕೂಡುವ ಕಡೆ, ಒಳ ಅಂಚಿನ ಉದ್ದಕ್ಕೂ, ಬೆರಳಗಲದ ಕಾಗದದ ಪಟ್ಟಿ ಅಂಟಿಸಿತ್ತು. ಪಾದ್ರಿಯ ಕಾಲದ್ದೇ ಪಟ್ಟಿ, ಅವನ ಮೊಹರು ಅದರ ಮೇಲೇ ಇತ್ತು. ಹುಳ ತಿಂದು ಜಾಳಾಗಿತ್ತು. ಚಿಕ್ಕತಾಯಮ್ಮ ಹತ್ತಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಪಟ್ಟಿಯ ಮೇಲಿಟ್ಟು, ಗೋಂದು ಮೆತ್ತಗಾದ ಮೇಲೆ ಚಿಮಟದಿಂದ ಎಳೆ ಎಳೆಯಾಗಿ ಬಿಡಿಸಿದಳು. ದಿನಕ್ಕೆ ನಾಲ್ಕು ಹಾಳೆ. ಬಿಡಿಸಿದ ಮೇಲೆ ಅಂಚಿನ ಅಕ್ಷರ ನೀರಿಗೆ ಹರಡಿದೆಯೋ ಎಂದು ಒಂದೊಂದು ಸಾಲೂ ಓದಿ ನೋಡುವುದು ಅವಳ ಪದ್ಧತಿ. ಐದನೆಯ ದಿನ ಒಂದು ಎಡಹಾಳೆಯಲ್ಲಿ, ‘ಗೋಣಿಯ ಮಾರಯ್ಯನ ಪು’ ಎಂದು ಸಾಲು ಮುಗಿಯಿತು; ಕೊನೆಯ ಕೊಂಬು ಪಟ್ಟಿಯ ಅಡಿಯಲ್ಲಿತ್ತು. ಕೆಳಗಿನ ಸಾಲು, ‘ಣ್ಯಸ್ತ್ರೀ ಹೊನ್ನವ್ವೆ.’

ಹೊನ್ನವ್ವೆ. ಚಿಕ್ಕತಾಯಮ್ಮನ ತಾಯಿಯ ಮನೆಯವರದು ಗೋಣಿಚೀಲ ಹೊಲಿಯುವ ಕಾಯಕ. ಮಾರಯ್ಯ, ಹೊನ್ನವ್ವೆ ಗಂಡ ಹೆಂಡಿರು ಚೀಲ ಹೊಲಿದು ಬಂದದ್ದರಲ್ಲಿ ಜಂಗಮರಿಗೆ ಉಣ್ಣಿಸಿ ತಾವು ಉಂಡವರು. ಅಜ್ಜಿ ಆ ಹೆಸರು ಹೇಳದೆ ದಬ್ಬಳ ಮುಟ್ಟಿದವಳಲ್ಲ. ಅಂಥ ಹೆಸರು ಇಂಗ್ಲಿಷಿಗೂ ಹೋಗಿದೆಯಲ್ಲ ಎಂದು ಚಿಕ್ಕತಾಯಮ್ಮನಿಗೆ ಎದೆ ತುಂಬಿ ಬಂತು. ಹೊಸ ಮುದ್ರಣದಲ್ಲಿ ಅದೇ ಕಥೆ ಹುಡುಕಿದಳು. ಒಂಬತ್ತನೆಯ ಫಾರಮ್ಮಿನಲ್ಲಿ ಸಿಕ್ಕಿತು. ಎಡಪುಟ ಓದಿದಳು. ‘ಮಾರಯ್ಯನ ಪಣ್ಯಸ್ತ್ರೀ ಹೊನ್ನವ್ವೆ’ ಎಂದಿತ್ತು. ಪಕಾರಕ್ಕೆ ಕೊಂಬು ಇಲ್ಲ. ಪ್ರೆಸ್ಸಿನವರು ಬಿಟ್ಟಿದ್ದಾರೆ ಅಂದುಕೊಂಡಳು.

ಸಂಜೆ ಸೊಸೆ ತೇಜಶ್ರೀ ಇನ್ಶೂರೆನ್ಸ್ ಆಫೀಸಿನಿಂದ ಬಂದಳು. ತೇಜಶ್ರೀ ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಮಾತಾಡುತ್ತಾಳೆ, ಅಕ್ಷರ ಬಾರದು. ಅತ್ತೆಗೆ ಇಂಗ್ಲಿಷ್ ಬಾರದು. ಅತ್ತೆ ಬಲಪುಟ ತೆಗೆದು ಅವಳ ಮುಂದೆ ಹಿಡಿದಳು.

“ನಮ್ಮ ಹೊನ್ನವ್ವನ್ನ ಏನಂತ ಬರ್ದವ್ನೆ, ಓದವ್ವ.”

“‘ಹೊನ್ನವ್ವೆ, ಎ ಹಾರ್ಲಟ್...’ ವೇಣಾಂ ಅತ್ತೆ, ಬಿಡಿ.”

“ಯಾಕ್ ಬಿಡ್ಲಿ?”

“ಅಸಿಂಗ, ಕೆಟ್ಟ ಮಾತು ಅತ್ತೆ. ದುಡ್ಡಿಗೆ ಹೋಗೋ ಹೆಂಗಸು ಅಂತ.”

“ಯಾರು?”

“ಇವ್ರೇ. ಮಾರಯ್ಯ ಇಟ್ಕೊಂಡಿದ್ದವಳು ಅಂತಿದೆ. ಕೆಳಗೆ ನೋಟ್ ಬೇರೆ. ಈ ಜನ ಇಂಥವರ್ನೂ ಸಂತರು ಅಂತ ಕುಂಬಿಡ್ತಾರೆ, ಪೂಜೆ ಮಾಡ್ತಾರೆ, ಇವರ ನಡತೆ ಎಂಥದು ಅಂತ ಓದೋರೇ ತಿಳ್ಕೊಳ್ಳಿ ಅಂತ.”

ಚಿಕ್ಕತಾಯಮ್ಮ ಆ ರಾತ್ರಿ ಊಟಕ್ಕೆ ಕೂತಳು, ಎದ್ದಳು, ಏನು ಉಂಡಳೋ ತಿಳಿಯಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು, ಆ ಒಂದು ಹಾಳೆಯನ್ನು ಎರಡು ರಟ್ಟಿನ ನಡುವೆ ಇಟ್ಟು ಬಟ್ಟೆ ಸುತ್ತಿ ರಾಯಪೇಟೆಗೆ ಹೋದಳು.

ಸುಜಯೀಂದ್ರ ಕಾಫಿ ಕುಡಿಯುತ್ತಿದ್ದರು. “ಬನ್ನಿ ಅಮ್ಮ. ಕೆಲಸ ಮುಗೀತಾ?”

“ಇದನ್ನ ಓದಿ ಸಾರ್.”

“ಅದು ನನಗೆ ಬಾಯಿಪಾಠ. ಪಣ್ಯಸ್ತ್ರೀ. ಪಣ್ಯ ಅಂದ್ರೆ ಮಾರಾಟದ ಸರಕು, ಸಂಸ್ಕೃತ ಪದ.”

“ಬಾಯಿಪಾಠ ಬ್ಯಾಡ ಸಾರ್. ಅಕ್ಷರ ಓದಿ. ಪಟ್ಟಿ ಬಿಚ್ಚಿವ್ನಿ.”

ಅವರು ಕನ್ನಡಕ ಏರಿಸಿದರು, ಇಳಿಸಿದರು. ಮೇಜಿನ ಸೆಳೆಖಾನೆಯಿಂದ ಭೂತಗನ್ನಡಿ ತೆಗೆದರು. ಕಾಫಿ ಆರುತ್ತಿತ್ತು.

“ಪಕಾರಕ್ಕೆ ಏನದೆ ಸಾರ್?”

“ಕೊಂಬು.”

“ಕೊಂಬು ಕೊಟ್ರೆ?”

“ಪು.” ಅವರ ದನಿ ತಗ್ಗಿತು. “ಪುಣ್ಯಸ್ತ್ರೀ.”

“ಅಂದ್ರೆ?”

“ಧರ್ಮಪತ್ನಿ.”

ಇನ್ನು ಅವರೇ ಹೇಳಲಿ ಎಂದು ಚಿಕ್ಕತಾಯಮ್ಮ ಹಾಳೆಯನ್ನು ಅವರತ್ತ ಸರಿಸಿದಳು. ಸುಜಯೀಂದ್ರ ಭೂತಗನ್ನಡಿಯನ್ನು ಕೆಳಗಿಟ್ಟು ಕುರ್ಚಿಗೆ ಒರಗಿದರು.

“ಸರಿ ಅಮ್ಮ, ಒಳ್ಳೇದನ್ನೇ ನೋಡಿದ್ದೀರಿ. ಆದರೆ ಇದು ಪಾದ್ರಿಯ ಅನುವಾದದ ಮರುಮುದ್ರಣ. ಅವನು ಬರೆದದ್ದನ್ನ ನಾವು ಮುಟ್ಟೋ ಹಾಗಿಲ್ಲ.”

“ಅವ್ನದ ಮುಟ್ಬೇಡಿ. ಎಡಗಡೆ ಕನ್ನಡ ನಿಮ್ದಲ್ವಾ?”

“ಅಚ್ಚಾಗಿಹೋಗಿದೆ. ಆಮೇಲೆ, ಈಗಿನ ಕಾಲದಲ್ಲಿ ಅದನ್ನ ಯಾರೂ ಅವಮಾನ ಅಂದ್ಕೊಳ್ಳಲ್ಲ. ಒಬ್ಬ ವೇಶ್ಯೆ ಶರಣೆ ಆದಳು ಅಂದ್ರೆ ಅದು ಆ ಧರ್ಮದ ದೊಡ್ಡತನ ಅಲ್ವೇ? ಹೊರದೇಶದವರು ಅವಳನ್ನ ಅದಕ್ಕೇ ಮೆಚ್ಕೋತಾರೆ.”

“ನಮ್ಮ ಶರಣರಲ್ಲಿ ಆ ಕಸುಬಿನೋರೂ ಅವ್ರೆ ಸಾರ್. ಅವ್ರಿಗೂ ದಿನಾ ಕೈ ಮುಗೀತೀವಿ. ಹೊನ್ನವ್ವ ಆಗಿದ್ರೆ ಹಂಗಂತ್ಲೇ ಕೈ ಮುಗೀತಿದ್ದೆ. ಆಗಿರ್ನಿಲ್ಲ. ಚೀಲ ಹೊಲಿದು ಉಂಡೋಳನ್ನ ಮೈ ಮಾರ್ಕೊಂಡು ಉಂಡ್ಳು ಅಂತ ಬರ್ದು, ಅದ್ಕೆ ಮೆಚ್ಕೊಂಡ್ರೆ, ಆ ಮೆಚ್ಚುಗೆ ಅವ್ಳಿಗಾ?”

ಸುಜಯೀಂದ್ರ ಗಡಿಯಾರ ನೋಡಿದರು. “ಹಿಂದುಗಡೆ ಎಲ್ಲಾದರೂ ಒಂದು ಟಿಪ್ಪಣಿ ಹಾಕೋಣ ಬಿಡಿ. ನೀವು ಆ ಪಟ್ಟಿ ಮೊದಲಿದ್ದ ಹಾಗೇ ಅಂಟಿಸಿಬಿಡಿ. ಫೋಟೋ ತೆಗೆದಾಗ ಹಾಗೇ ಇತ್ತು.”

“ಎಷ್ಟಗಲದ್ದು ಅಂಟಿಸ್ಲಿ? ಅಕ್ಷರ ಮುಚ್ಚೋವಷ್ಟಾ?”

ಅವರು ಆರಿದ ಕಾಫಿ ಎತ್ತಿಕೊಂಡರು. ಚಿಕ್ಕತಾಯಮ್ಮ ಹಾಳೆಯನ್ನು ರಟ್ಟಿನ ನಡುವೆ ಇಟ್ಟು ಬಟ್ಟೆ ಸುತ್ತಿದಳು. ಹಾಳೆಗೆ ಏಟಾಗದಂತೆ ಎರಡು ಸಲ ಬಿಚ್ಚಿ ಸುತ್ತಿದಳು.

“ಒಂಬತ್ನೇ ಫಾರಂ ಬ್ಯಾರೆ ಅಚ್ಚು ಹಾಕಿ ಕಳ್ಸಿ ಸಾರ್. ಅಲ್ಲೀಗಂಟ ನಾನು ಹೊಲಿಯಾಕಿಲ್ಲ.”

ಬಾಗಿಲು ದಾಟುವಾಗ ಅವರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: “ಈಗ ಬೈಂಡಿಂಗ್‌ನವರಿಗೂ ಕೊಂಬು ಬಂದಿದೆ, ಏನು ಮಾಡೋದು.”

ಅವಳು ತಿರುಗಿ ನಿಂತಳು. “ಈಗ ಬಂದಿದ್ದಲ್ಲ ಸಾರ್. ನೂರೆಂಬತ್ತು ವರ್ಷದಿಂದ ಅದೆ. ನೀವು ನೋಡಿರ್ನಿಲ್ಲ.”

ಪುಸ್ತಕದ ಬಿಡುಗಡೆಗೆ ಮೂರು ವಾರವಿತ್ತು. ಸುಜಯೀಂದ್ರ ಬೇರೆ ಬೈಂಡರುಗಳನ್ನು ಹುಡುಕಿದರು. ಒಬ್ಬ ಗೋಂದು ಹಾಕುವುದಾದರೆ ತನ್ನಿ ಅಂದ. ಹೊಲಿಗೆ ಮೆಷಿನ್ ಇದ್ದವನು ಮುನ್ನೂರು ಪ್ರತಿಗೆ ಮೆಷಿನ್ ಹೂಡುವುದಿಲ್ಲ ಅಂದ. ಇದೆಲ್ಲ ಕಾಗದದ ಅಂಗಡಿಯವರ ಮೂಲಕ ಚಿಕ್ಕತಾಯಮ್ಮನಿಗೆ ತಿಳಿಯುತ್ತಿತ್ತು. ಅವಳು ಒಂಬತ್ತನೆಯದನ್ನು ಬಿಟ್ಟು ಉಳಿದ ಫಾರಂಗಳನ್ನೆಲ್ಲ ಬೆನ್ನು ತಟ್ಟಿ ಸಮ ಮಾಡಿ, ದಾರ ಬರುವ ಜಾಗಕ್ಕೆ ಗರಗಸದಿಂದ ಗೀಟು ಹಾಕಿ, ಸಾಲಾಗಿ ಜೋಡಿಸಿ ಇಟ್ಟಳು. ಕೆಲಸ ನಿಲ್ಲಿಸಿದಳೆಂಬ ಮಾತು ಬರಬಾರದು.

“ಅತ್ತೆ, ಒಂದು ಅಕ್ಷರಕ್ಕೆ ಇಷ್ಟೊಂದಾ? ನಾಳೆಯಿಂದ ಆ ಭಂಡಾರದವರು ಕೆಲಸಾನೇ ಕೊಡಲ್ಲ,” ಅಂದಳು ತೇಜಶ್ರೀ.

“ನಿನ್ನ ಆಫೀಸ್ನಲ್ಲಿ ಒಬ್ರ ಹೆಸ್ರಲ್ಲಿ ಒಂದಕ್ಷರ ತಪ್ಪಿದ್ರೆ ಏನ್ ಮಾಡ್ತೀ?”

“ಪಾಲಿಸಿ ವಾಪಸ್ ಕಳಿಸ್ತೀವಿ.”

“ಅಷ್ಟೇಯ.”

ಹತ್ತನೆಯ ದಿನ ಸಂಜೆ ಆಟೋದಲ್ಲಿ ಒಂದು ಚಿಕ್ಕ ಕಟ್ಟು ಬಂತು. ಹೊಸ ಫಾರಂ ಎಂದು ಬಿಚ್ಚಿದರೆ ಬಸ್ ಟಿಕೆಟ್ಟಿನಷ್ಟು ಚೀಟಿಗಳು, ಇಂಗ್ಲಿಷಿನಲ್ಲಿ, ಮುನ್ನೂರು. ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಬೇಕೆಂದು ಮೇಲೆ ಬರೆದಿತ್ತು. ತೇಜಶ್ರೀ ಓದಿ ಕನ್ನಡದಲ್ಲಿ ಹೇಳಿದಳು: “‘ಈ ಸಮುದಾಯದ ಕೆಲವರ ನಂಬಿಕೆಯ ಪ್ರಕಾರ ಹೊನ್ನವ್ವೆ ಮಾರಯ್ಯನ ಪತ್ನಿ’ ಅಂತ.”

“ಇನ್ನೊಂದ್ಸಲ ಓದು. ನಂಬಿಕೆ ಅಂತ್ಲೇ ಅದ್ಯಾ?”

“ನಂಬಿಕೆ ಅಂತಾನೇ ಇದೆ.”

ಚಿಕ್ಕತಾಯಮ್ಮನ ಮುಖ ಕಪ್ಪಿಟ್ಟಿತು. ನಲ್ಲಿಯ ಹತ್ತಿರ ಅಂದ ಮಾತಿಗೂ ಅವಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ. “ಪಾದ್ರಿ ತಪ್ಪು ಓದಿದ್ದು ವಿದ್ಯೆ. ನಾನು ಸರಿಯಾಗಿ ಓದಿದ್ದು ನಂಬಿಕೆ. ಕಣ್ಣಿಗೆ ಕಾಣೋ ಅಕ್ಷರಕ್ಕೆ ನಂಬಿಕೆ ಯಾಕ್ ಬೇಕು?” ಅಂದಳು. ಕಟ್ಟನ್ನು ಮೊದಲಿದ್ದ ದಾರದಲ್ಲೇ ಕಟ್ಟಿ, ಅದೇ ಆಟೋದವನ ಕೈಲಿ ವಾಪಸು ಕಳಿಸಿದಳು.

ಮರುದಿನ ಸುಜಯೀಂದ್ರರೇ ಬಂದರು. ಚಿಕ್ಕತಾಯಮ್ಮ ಮೈದಾ ಗೋಂದು ಕುದಿಸುತ್ತಿದ್ದಳು. ಹುಳ ಹತ್ತದಿರಲಿ ಎಂದು ಮೈಲುತುತ್ತದ ಪುಡಿ ಉದುರಿಸಿ ತಿರುವುತ್ತಿದ್ದಳು. ಸ್ಟೂಲು ತೋರಿಸಿದಳು, ತಿರುವುವುದನ್ನು ನಿಲ್ಲಿಸಲಿಲ್ಲ.

“ಅಮ್ಮ, ನಿಮಗೊಂದು ವಿಷಯ ಹೇಳ್ಬೇಕು,” ಅಂದರು ಅವರು. “ನಾನು ಡಾಕ್ಟರೇಟ್ ಮಾಡಿದ್ದೇ ಈ ಹೊನ್ನವ್ವೆಯ ಮೇಲೆ. ಪಣ್ಯಸ್ತ್ರೀ ಅನ್ನೋ ಆ ಪದದ ಮೇಲೇ ಎಂಬತ್ತು ಪುಟ ಬರೆದಿದ್ದೀನಿ. ಪುಸ್ತಕ ಆಗಿದೆ. ಹುಡುಗರು ಓದ್ತಾರೆ.”

“ಬರೆಯೋವಾಗ ಈ ಹಾಳೆ ನೋಡಿದ್ರಾ?”

“ನೋಡಿದ್ದೆ.”

“ಪಟ್ಟಿ ಎತ್ತಿ?”

“ಪಟ್ಟಿ ಎತ್ತೋದು ನನ್ನ ಕೆಲಸ ಅಂತ ತೋಚಲಿಲ್ಲ. ಪಾದ್ರಿ ಅಷ್ಟು ದೊಡ್ಡ ಪಂಡಿತ. ಅವನು ಓದಿದ್ದನ್ನೇ ನಾನೂ ಓದಿದೆ.”

“ಓದ್ನಿಲ್ಲ ಸಾರ್ ನೀವು. ಅವನು ಓದಿದ್ದ ಕೇಳಿಸ್ಕೊಂಡ್ರಿ.” ಗೋಂದಿನ ಪಾತ್ರೆ ಇಳಿಸಿದಳು. “ನಿಮ್ಮ ಎಂಬತ್ತು ಪುಟ ಉಳೀಲಿ ಅಂತ ಅವ್ಳು ಇನ್ನೂ ಎಷ್ಟು ವರ್ಷ ಆ ಹೆಸ್ರು ಹೊತ್ಕೊಂಡಿರ್ಬೇಕು? ಅವ್ಳ ಪರವಾಗಿ ಕೇಳಾಕೆ ಅವ್ಳಿಗೆ ಮಕ್ಕಳಿದ್ರೋ ಇಲ್ವೋ. ನಾನು ಕೇಳ್ತಿವ್ನಿ.”

ಸುಜಯೀಂದ್ರ ನೆಲ ನೋಡುತ್ತ ಕೂತರು. ಆಮೇಲೆ ಅವರು ಎದ್ದು, “ಕಳಿಸ್ತೀನಿ,” ಎಂದಷ್ಟೇ ಅಂದು ಹೋದರು.

ಬಿಡುಗಡೆಗೆ ಐದು ದಿನವಿದ್ದಾಗ ಒಂಬತ್ತನೆಯ ಫಾರಂ ಹೊಸದಾಗಿ ಬಂತು. ಅವರೇ ತಂದರು. ಚಿಕ್ಕತಾಯಮ್ಮ ಕೈ ತೊಳೆದು, ಒರೆಸಿಕೊಂಡು, ಎಡಪುಟವನ್ನು ಬೆರಳಿಟ್ಟು ಓದಿದಳು. ಕೊಂಬು ಇತ್ತು. ಬಲಪುಟಕ್ಕೆ ತೇಜಶ್ರೀ ಆಫೀಸಿನಿಂದ ಬರಲಿ ಎಂದು ಅವರನ್ನು ಒಂದು ಗಂಟೆ ಕೂರಿಸಿದಳು. ಪಾದ್ರಿಯ ಮಾತು ಅಲ್ಲೇ ಇತ್ತು. ಅದರ ಕೆಳಗೆ, ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ, ಅನುವಾದಕನು ಪದವನ್ನು ತಪ್ಪಾಗಿ ಓದಿದ್ದಾನೆ, ಕೈಬರಹದಲ್ಲಿ ಧರ್ಮಪತ್ನಿ ಎಂದಿದೆ, ಈ ಸಂಪಾದಕನೂ ಹಿಂದೆ ಅದೇ ತಪ್ಪು ಮಾಡಿದ್ದಾನೆ ಎಂದು ಹಾಕಿದ್ದರು. ತೇಜಶ್ರೀ ಎರಡು ಸಲ ಓದಿ ಹೇಳಿದಳು.

“ನಂಬಿಕೆ ಅನ್ನೋದು ಎಲ್ಲೂ ಇಲ್ವಾ?”

“ಎಲ್ಲೂ ಇಲ್ಲ ಅತ್ತೆ.”

ಚಿಕ್ಕತಾಯಮ್ಮ ಮೊದಲ ಪ್ರತಿಯ ಫಾರಂಗಳನ್ನು ಹತ್ತಿರಕ್ಕೆ ಎಳೆದುಕೊಂಡು ದಾರಕ್ಕೆ ಮೇಣ ಸವರಿದಳು. ಸುಜಯೀಂದ್ರ ನಿಟ್ಟುಸಿರು ಬಿಟ್ಟರು. “ಈಗ ಸಿಟ್ಟು ಇಳೀತಾ ಅಮ್ಮ?”

“ಇಲ್ಲ.”

“ಇನ್ನೇನು ಉಳಿದಿದೆ?”

“ಆ ಎಂಬತ್ತು ಪುಟ ಇರೋ ನಿಮ್ಮ ಪುಸ್ತಕ. ಅದನ್ನ ಎಲ್ಲಿ ಅಚ್ಚು ಹಾಕೋದು?”

“ಡೆಲ್ಲಿಯಲ್ಲಿ.”

“ವಿಳಾಸ ಬರ್ಕೊಡಿ. ನಾನು ಹೇಳ್ತೀನಿ, ಇವ್ಳು ಇಂಗ್ಲಿಷಲ್ಲಿ ಕಾಗದ ಬರೀತಾಳೆ.”

ಸುಜಯೀಂದ್ರ ತೇಜಶ್ರೀಯ ಮುಖ ನೋಡಿದರು. ಅವಳು ಆಗಲೇ ಚೀಲದಿಂದ ಪೆನ್ನು ತೆಗೆದಿದ್ದಳು. ಅವರು ಅದನ್ನು ತೆಗೆದುಕೊಂಡು, ರಟ್ಟಿನ ಚೂರಿನ ಮೇಲೆ, ನಿಧಾನವಾಗಿ ನಾಲ್ಕು ಸಾಲು ಬರೆದು ಕೊಟ್ಟರು. ಚಿಕ್ಕತಾಯಮ್ಮ ಅದನ್ನು ಬೆಳಕಿಗೆ ಹಿಡಿದು, ತಿಳಿಯದ ಅಕ್ಷರಗಳನ್ನೂ ಮೇಲಿಂದ ಕೆಳಗೆ ಒಂದೊಂದಾಗಿ ನೋಡಿ, ಅವರ ಕೈಗೇ ವಾಪಸು ಕೊಟ್ಟಳು.

“ಕೊನೇಲಿ ನಂಬರೇ ಇಲ್ವಲ್ಲ ಸಾರ್,” ಅಂದಳು. “ಪಿನ್‌ಕೋಡ್ ಬರೀರಿ.”