ಎರಡು ಕಣ್ಣಿನ ತೆಂಗಿನಕಾಯಿ

ಮೊನ್ನೆ ಮನೆಯ ಗೇಟಿಗೆ ಬಣ್ಣ ಬಳಿಸುವಾಗ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ತಲೆನೋವು ಬರಬಹುದು. ನನಗೆ ಬರುವುದು ಪೇಂಟರ್ ರಂಗಣ್ಣನ ನೆನಪು.

ಚನ್ನರಾಯಪಟ್ಟಣದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು ಅವನು. ತೆಂಗಿನಕಾಯಿ ಮಂಡಿಗಳ ಬೋರ್ಡಿನಲ್ಲಿ ಅಕ್ಷರದ ಪಕ್ಕ ಜುಟ್ಟು ಕಿತ್ತ ಕಾಯೊಂದನ್ನು ಎಷ್ಟು ಚೆಂದ ಬರೆಯುತ್ತಿದ್ದನೆಂದರೆ, ಎತ್ತಿಕೊಂಡು ಅಲ್ಲಾಡಿಸಿ ನೋಡೋಣ ಅನ್ನಿಸುತ್ತಿತ್ತು. ಒಂದೇ ಐಬು. ಕಾಯಿಗೆ ಮೂರು ಕಣ್ಣು. ರಂಗಣ್ಣ ಇಡುತ್ತಿದ್ದದ್ದು ಎರಡೇ. ತೆಂಗಿನ ಊರಿನಲ್ಲಿ ಇಂಥ ತಪ್ಪನ್ನು ಬಿಡುತ್ತಾರೆಯೇ? ಮಂಡಿಯವರೆಲ್ಲ ಆಡಿಕೊಂಡರು. ಮೇಷ್ಟ್ರಾದ ನಾನಂತೂ ಕೆಂಪು ಪೆನ್ನಿನ ಹುಮ್ಮಸ್ಸಿನಲ್ಲಿ, "ಇನ್ನೊಂದು ಚುಕ್ಕೆ ಇಡಪ್ಪ" ಎಂದು ಉಪದೇಶ ಮಾಡಿದೆ.

"ನಂದು ಇಂಗೇ ಕಣೇಳಿ ಮೇಷ್ಟ್ರೆ. ಮೂರು ಬೇಕಂದ್ರೆ ಮರದ್ ತಾವ ಓಗಿ ಕೇಳಿ" ಅಂದ. ಮೊಂಡ ಎಂದು ಬೈದುಕೊಂಡು ಮನೆಗೆ ಬಂದಿದ್ದೆ.

ಆಮೇಲೆ ಫ್ಲೆಕ್ಸ್ ಬಂತು, ಕುಂಚಕ್ಕೆ ಕೆಲಸ ತಪ್ಪಿತು. ಹೋದ ವರ್ಷ ಹೆದ್ದಾರಿ ಪಕ್ಕದ ಹೊಸ ಅಂಗಡಿಗಳ ಫ್ಲೆಕ್ಸ್ ಮೇಲೆಲ್ಲ ಒಂದೇ ಕಾಯಿಯ ಚಿತ್ರ. ರಂಗಣ್ಣ ನಮ್ಮ ಬಾಗಿಲಿಗೆ ಬಂದು ನಿಂತ.

"ಅದು ನನ್ ಕಾಯಿ ಮೇಷ್ಟ್ರೆ. ಒಂದ್ ಮಾತು ಕೇಳ್ನಿಲ್ಲ, ನನ್ ಎಸ್ರೂ ಇಲ್ಲ. ನಾನು ಬರ್ದಿದ್ದೇ ಸುಳ್ಳಾಗೋಯ್ತಲ್ಲ."

ಅವನ ಕಣ್ಣು ತುಂಬಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡೆ. ಇಬ್ಬರೂ ಆ ಬೋರ್ಡುಗಳನ್ನು ಮಾಡಿಕೊಟ್ಟ ಫ್ಲೆಕ್ಸ್ ಅಂಗಡಿಗೆ ಹೋದೆವು. ಈ ಕಾಯಿ ಯಾರು ಬರೆದದ್ದು ಎಂದು ಕೇಳಿದ್ದಕ್ಕೆ ಯಜಮಾನ ನಕ್ಕ. "ಯಾರ್ದೂ ಅಲ್ಲ ಸಾ, ಕಂಪ್ಯೂಟ್ರೇ ಬರ್ದಿದ್ದು."

ನಾನು ಜೀವಮಾನವೆಲ್ಲ ಪರೀಕ್ಷೆಯ ಪೇಪರ್ ತಿದ್ದಿದವನು. ಇಬ್ಬರು ಒಂದೇ ಸರಿಯುತ್ತರ ಬರೆದರೆ ಅನುಮಾನವಿಲ್ಲ. ಒಂದೇ ತಪ್ಪುತ್ತರ ಬರೆದರೆ ಒಬ್ಬ ಇನ್ನೊಬ್ಬನದನ್ನು ನೋಡಿದ್ದಾನೆ. ಪರದೆಯ ಮೇಲಿನ ಕಾಯಿಯನ್ನು ನೋಡಿದೆ. ಎರಡೇ ಕಣ್ಣು!

"ನಿನ್ನ ಕಂಪ್ಯೂಟರ್ ಇಂಥ ಕಾಯಿಯನ್ನ ಯಾವ ತೋಟದಲ್ಲಿ ಕಂಡಿತಪ್ಪ?" ಎಂದೆ.

ಕಾಯುತ್ತಿದ್ದ ಗಿರಾಕಿಗಳು ಗೊಳ್ಳೆಂದರು. "ಅದು ರಂಗಣ್ಣಂದೇ ಕಣ್ಲಾ!" ಎಂದ ಮಂಡಿಯ ಹಿರಿಯನೊಬ್ಬ. ರಂಗಣ್ಣನ ಹಳೇ ಬೋರ್ಡಿನ ಫೋಟೋ ಕೊಟ್ಟೇ ಕಂಪ್ಯೂಟರಿನಿಂದ ಬರೆಸಿದ್ದೆಂದು ಯಜಮಾನ ಒಪ್ಪಿಕೊಂಡ. "ತಪ್ಪಾಯ್ತಣ್ಣ. ಇನ್ಮ್ಯಾಕೆ ಕೇಳ್ದೆ ಮುಟ್ಟಲ್ಲ. ನಿನ್ ಎಸ್ರೂ ಆಕ್ತೀನಿ."

ಕಾಪಿರೈಟ್ ಅಂದರೆ ದೊಡ್ಡ ದೊಡ್ಡ ಪುಸ್ತಕ ಬರೆಯುವವರ ತಾಪತ್ರಯ ಎಂದುಕೊಂಡಿದ್ದೆ. ಅಲ್ಲ ಕಣ್ರೀ. ಕೈಯಾರೆ ಬರೆದವನಿಗೇ ತನ್ನದೆನ್ನುವ ಹಕ್ಕಿಲ್ಲದಿದ್ದರೆ ನಾಳೆ ಯಾರು ಕುಂಚ ಹಿಡಿದು ಕಲಿಯುತ್ತಾರೆ? ಯಾರೂ ಬರೆಯದ ದಿನ ಆ ಕಂಪ್ಯೂಟರಾದರೂ ಏನನ್ನು ನೋಡಿ ಬರೆಯಬೇಕು?

ಗೇಟಿನ ಬಣ್ಣ ಒಣಗಿದ ಮೇಲೆ ರಂಗಣ್ಣನನ್ನೇ ಕರೆಸಿ ಅದರ ಮೇಲೊಂದು ಕಾಯಿ ಬರೆಸಿದೆ. ಇವತ್ತು ಬೆಳಿಗ್ಗೆ ಹಾಲಿನವನು ನಿಂತು ನೋಡಿ, "ಒಂದ್ ಕಣ್ಣು ಮರ್ತೋಗವ್ರೆ ಸಾ" ಎಂದ.

"ಮರೆತಿಲ್ಲಯ್ಯ," ಎಂದೆ ಎದೆಯುಬ್ಬಿಸಿ. "ಅದು ರಂಗಣ್ಣನ ಕಾಯಿ. ಕೆಳಗೆ ಹೆಸರಿದೆ, ಓದು."